ಇಂದಿನ ಧಮ್ಮ ಚಿಂತನೆ: ಗೆಳೆತನ ಮುರಿದಾಗ





ಇವತ್ತು ಚಿಂತನೆ ಬರೆಯುವ ಸರದಿ ನನ್ನದು. ಸಾಮಾನ್ಯವಾಗಿ ನಾವು ಒಂದು ಸುತ್ತವನ್ನೋ, ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ದ ಒಂದು ಭಾಗವನ್ನೋ ತೆಗೆದುಕೊಂಡು ಅದರ ಅರ್ಥ ಬರೆಯುತ್ತೇವೆ. ಇವತ್ತು ಮೊದಲು ನನಗೆ ಆದದ್ದನ್ನು ಹೇಳುತ್ತೇನೆ, ಸುತ್ತ ಆಮೇಲೆ. ಸ್ವಲ್ಪ ಉದ್ದವಿದೆ. ಒಂದೇ ಸಲಕ್ಕೆ ಓದಲಾಗದಿದ್ದರೆ ಬಿಟ್ಟು ಬಿಟ್ಟು ಓದಿ.

ಇದನ್ನು ಬರೆಯಲು ಕಾರಣವಿದೆ. ಕಳೆದ ತಿಂಗಳು ನಮ್ಮ ಬಳಗದ ತಂಗಿಯೊಬ್ಬಳು ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿದ್ದಳು. ತುಂಬ ಹತ್ತಿರದವರೊಬ್ಬರು ಮಾತು ಬಿಟ್ಟಿದ್ದಾರೆ, ದಿನಾ ವಂದನೆ ಮಾಡ್ತೀನಿ, ಓದ್ತೀನಿ, ಆದರೂ ಮನಸ್ಸು ಏಳ್ತಾ ಇಲ್ಲ, ನಾನು ಸರಿಯಾದ ಬೌದ್ಧಳೇ ಅಲ್ಲವೇನೋ ಎಂದು ಬರೆದಿದ್ದಳು. ಎರಡು ವರ್ಷದ ಹಿಂದೆ ಇದೇ ಮಾತನ್ನು ನಾನು ನನಗೇ ಹೇಳಿಕೊಂಡಿದ್ದೆ. ಅವಳಿಗೆ ಕೊಟ್ಟ ಉತ್ತರವನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿತು.

*ಆದದ್ದು*

ನಾನು ಸುಂಟಿಕೊಪ್ಪದವಳು. ಮಡಿಕೇರಿ ಮತ್ತು ಕುಶಾಲನಗರದ ನಡುವಿನ ಈ ಊರಿನ ಸುತ್ತ ಕಾಫಿ ತೋಟಗಳು. ಅಂಥ ಒಂದು ತೋಟದ ಲೈನ್ ಮನೆಯಲ್ಲಿ ಬೆಳೆದೆ. ಗೋಡೆಯ ಆಚೆಗೆ ಅವಳ ಮನೆ. ನಮ್ಮಿಬ್ಬರ ಅಮ್ಮಂದಿರೂ ಒಂದೇ ಸಾಲಿನಲ್ಲಿ ಕಾಫಿ ಕೊಯ್ಯುತ್ತಿದ್ದರು. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಂಡು ಮಳೆಯಲ್ಲಿ ಶಾಲೆಗೆ ನಡೆದವರು ನಾವು. ಮುಂದೆ ನಾನು ಟಿಸಿಎಚ್ ಮಾಡಿ ಶಿಕ್ಷಕಿಯಾದೆ, ಕೆಲಸದಲ್ಲಿದ್ದುಕೊಂಡೇ ಕನ್ನಡ ಎಂಎ ಮುಗಿಸಿದೆ. ಅವಳು ಅಂಗನವಾಡಿ ಕಾರ್ಯಕರ್ತೆಯಾದಳು. ದೀಕ್ಷೆ ತೆಗೆದುಕೊಂಡದ್ದೂ ಒಂದೇ ದಿನ. 22 ಪ್ರತಿಜ್ಞೆಗಳನ್ನು ಪಕ್ಕಪಕ್ಕದಲ್ಲಿ ನಿಂತು ಹೇಳಿದೆವು. 2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಜನ ಮನೆ ಬಿಟ್ಟು ಬಂದಾಗ, ಇಬ್ಬರೂ ಒಂದೇ ಒಲೆಯ ಮುಂದೆ ನಿಂತು ಅನ್ನ ಬಸಿದೆವು.

ಎರಡು ವರ್ಷದ ಹಿಂದೆ ಅವಳ ಮಗಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ನಮ್ಮ ಜನವೇ, ಆದರೆ ಧಮ್ಮಕ್ಕೆ ಬಂದವರಲ್ಲ. ಪುರೋಹಿತರೇ ಬರಬೇಕು, ಮುಹೂರ್ತಕ್ಕೇ ತಾಳಿ ಕಟ್ಟಬೇಕು ಎಂದು ಹಟ ಹಿಡಿದರು. ಒಂದು ರಾತ್ರಿ ಅವಳು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. “ಮಗಳು ಮೂರು ದಿನದಿಂದ ಊಟ ಬಿಟ್ಟು ಅಳ್ತಾ ಇದ್ದಾಳೆ. ಬೇಡ ಅಂದ್ರೆ ಜೀವನಪೂರ್ತಿ ನನ್ನನ್ನೇ ದೂರ್ತಾಳೆ. ಒಪ್ಕೊಂಡೆ ಕಣೇ. ಯಾರ ಹತ್ರಾನೂ ಹೇಳ್ಬೇಡ” ಅಂದಳು. ಹೇಳುವುದಿಲ್ಲ ಎಂದು ಅವಳ ಕೈ ಹಿಡಿದೆ. ಮದುವೆಗೂ ಹೋದೆ, ಊಟವನ್ನೂ ಮಾಡಿ ಬಂದೆ.

ಆಷಾಢ ಹುಣ್ಣಿಮೆಗೆ ವರ್ಷಾವಾಸ ಆರಂಭವಾಯಿತು. ನಮ್ಮ ಬಳಗ ಭಾನುವಾರ ಸೇರಿ ಓದುವ ರೂಢಿ. ಮೂರನೆಯ ಭಾನುವಾರ 22 ಪ್ರತಿಜ್ಞೆಗಳನ್ನು ವಿವರಿಸುವ ಕೆಲಸ ನನಗೆ ಬಂತು. ಎಂಟನೆಯದಕ್ಕೆ ಬಂದೆ. ಬ್ರಾಹ್ಮಣ ಪುರೋಹಿತರಿಂದ ಯಾವ ಕರ್ಮವನ್ನೂ ಮಾಡಿಸುವುದಿಲ್ಲ ಎಂಬ ಪ್ರತಿಜ್ಞೆ ಅದು. ಎಲ್ಲರೂ ಗಮನ ಕೊಟ್ಟು ಕೇಳುತ್ತಿದ್ದರು. ಆ ಗಮನ ನನಗೆ ಹಿತವಾಗಿತ್ತು. “ಕೆಲವರು ಇಲ್ಲಿ ಪ್ರತಿಜ್ಞೆ ಹೇಳ್ತಾರೆ, ಮನೇಲಿ ಮಕ್ಕಳು ಮೂರು ದಿನ ಅತ್ತರೆ ಪುರೋಹಿತರಿಗೆ ಫೋನ್ ಮಾಡ್ತಾರೆ” ಅಂದೆ.

ಒಬ್ಬರು ನಕ್ಕರು. ಅವಳು ಚಹಾದ ಲೋಟವನ್ನು ಕೆಳಗಿಟ್ಟು, ಕೊಡೆ ತೆಗೆದುಕೊಂಡು ಹೊರಟಳು. ಪುರೋಹಿತರು ಬಂದದ್ದನ್ನು ಮದುವೆಗೆ ಹೋದವರೆಲ್ಲ ನೋಡಿದ್ದರು. ಮೂರು ದಿನದ ಅಳು ಮಾತ್ರ ನನಗೊಬ್ಬಳಿಗೇ ಗೊತ್ತಿದ್ದ ವಿಷಯ.

ಆ ರಾತ್ರಿ ಅವಳು ಗ್ರೂಪಿನಿಂದ ಹೊರಗೆ ಹೋದಳು. ನಾನು ಉದ್ದದ ಮೆಸೇಜ್ ಹಾಕಿದೆ. ಕ್ಷಮೆ ಕೇಳಲಿಲ್ಲ. ಯಾರ ಹೆಸರನ್ನೂ ಹೇಳಲಿಲ್ಲವಲ್ಲ, ತತ್ವದ ಮಾತನ್ನು ವೈಯಕ್ತಿಕವಾಗಿ ಯಾಕೆ ತೆಗೆದುಕೊಂಡೆ ಎಂದು ವಾದ ಹೂಡಿದೆ. ಎರಡು ನೀಲಿ ಗೆರೆ ಬಿತ್ತು. ಉತ್ತರ ಬರಲಿಲ್ಲ.

*ಮನಸ್ಸು ಕುಸಿದದ್ದು*

ಮೊದಲ ವಾರ ನನಗೆ ಸಿಟ್ಟಿತ್ತು. ಎರಡನೆಯ ವಾರ ಸಿಟ್ಟು ಹೋಗಿ ನಾಚಿಕೆ ಬಂತು. ಆಮೇಲೆ ಏನೂ ಇಲ್ಲದ ಹಾಗಾಯಿತು. ನಮ್ಮ ಕಡೆಯ ಆಗಸ್ಟ್ ಮಳೆ ಗೊತ್ತಲ್ಲ, ಹಗಲಿಗೂ ದೀಪ ಬೇಕು, ಕರೆಂಟೂ ಇರುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಅವಳ ಸ್ಟೇಟಸ್ ನೋಡುವುದು, ಹಳೆಯ ಮೆಸೇಜ್ ಓದುವುದು, ಲೋಟ ಕೆಳಗಿಟ್ಟ ಆ ಕ್ಷಣವನ್ನೇ ಮತ್ತೆ ಮತ್ತೆ ನೆನೆಯುವುದು, ಇಷ್ಟೇ ಆಯಿತು. ತರಗತಿಯಲ್ಲಿ ಬೋರ್ಡಿನ ಮೇಲೆ ತಾರೀಖು ಬರೆದು, ಮುಂದೇನು ಎಂದು ತಿಳಿಯದೆ ನಿಲ್ಲುತ್ತಿದ್ದೆ. ತಿದ್ದಬೇಕಾದ ಪುಸ್ತಕಗಳು ಮೇಜಿನ ಮೇಲೆ ಹಾಗೇ ಉಳಿದವು. ಮೂರನೇ ಕ್ಲಾಸಿನ ಇಬ್ಬರು ಹುಡುಗಿಯರು ಬೆಳಿಗ್ಗೆ ಟೂ ಬಿಟ್ಟು, ಬಿಸಿಯೂಟದ ಹೊತ್ತಿಗೆ ಒಂದೇ ತಟ್ಟೆಯ ಮುಂದೆ ಕೂತಿದ್ದನ್ನು ನೋಡಿ ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೆಳಿಗ್ಗೆ ಏಳದೇ ಇದ್ದರೆ ಒಳ್ಳೆಯದಿತ್ತು ಎಂಬ ಯೋಚನೆಯೂ ಬಂತು. ಅದನ್ನು ಮನೆಯವರಿಗೂ ಹೇಳಲಿಲ್ಲ.

ಒಂದು ಗೆಳೆತನಕ್ಕೆ ಇಷ್ಟೊಂದಾ ಎಂದು ಕೆಲವರು ಕೇಳಬಹುದು. ನಮ್ಮ ಜನಕ್ಕೆ ಇದು ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಹೊರಗಿನವರು ಮಾಡಿದ ಅವಮಾನವನ್ನು ಹೇಳಲು ನಮಗೆ ಭಾಷೆ ಇದೆ, ಸಂಘಟನೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ನಮ್ಮವರೇ ನಮ್ಮವರಿಗೆ ಮಾಡಿದ ಗಾಯಕ್ಕೆ ಯಾವ ಠಾಣೆಗೆ ಹೋಗುವುದು? ಸ್ಟಾಫ್ ರೂಮಿನಲ್ಲಿ ನಾನು ಅಳೆದು ತೂಗಿ ಮಾತಾಡುತ್ತೇನೆ. ಅವಳ ಮುಂದೆ ಮಾತ್ರ ಏನನ್ನೂ ವಿವರಿಸಬೇಕಾಗಿರಲಿಲ್ಲ. ಹಳಗನ್ನಡದಲ್ಲಿ ಗೆಳೆತನಕ್ಕೆ ‘ಕೆಳೆ’ ಎನ್ನುತ್ತಾರೆ. ಕೆಳೆಯ ಎಂಬುದೇ ಗೆಳೆಯ ಆದದ್ದು. ಆ ಪದವನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದು ಹೋದರೆ ಏನಾಗುತ್ತದೆ ಎಂದು ಆ ಮಳೆಗಾಲದಲ್ಲಿ ತಿಳಿಯಿತು.

*ಎರಡು ಬಾಣ, ನಾನು ಸೇರಿಸಿದ ಮೂರನೆಯದು*

ಸಲ್ಲ ಸುತ್ತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಸಂಯುತ್ತ ನಿಕಾಯದಲ್ಲಿದೆ. ಧಮ್ಮ ಕಲಿಯದವನಿಗೂ ಕಲಿತವನಿಗೂ ನೋವು ಬರುತ್ತದೆ, ಹಾಗಾದರೆ ವ್ಯತ್ಯಾಸವೇನು ಎಂಬುದು ಅಲ್ಲಿನ ಪ್ರಶ್ನೆ. ಬುದ್ಧರು ಬಾಣದ ಹೋಲಿಕೆ ಕೊಡುತ್ತಾರೆ. ಒಬ್ಬನಿಗೆ ಒಂದು ಬಾಣ ತಾಗುತ್ತದೆ, ಹಿಂದೆಯೇ ಇನ್ನೊಂದು. ಮೊದಲನೆಯದು ನೋವು. ಎರಡನೆಯದು ಆ ನೋವಿನ ಬಗ್ಗೆ ಮನಸ್ಸು ಮಾಡುವ ಗೋಳಾಟ. ಕಲಿತವನಿಗೆ ಮೊದಲನೆಯದು ಮಾತ್ರ ತಾಗುತ್ತದೆ.

ಇದನ್ನು ನಾನು ಎಷ್ಟೋ ಸಲ ವಿವರಿಸಿದ್ದೆ. ಆ ದಿನಗಳಲ್ಲಿ ಇದೇ ಪಾಠ ನನ್ನನ್ನು ಚುಚ್ಚಿತು. ಎರಡನೆಯ ಬಾಣ ಬೇಡ ಎಂದು ಊರಿಗೆಲ್ಲ ಹೇಳುವವಳು ನೀನೇ ಹೀಗೆ ಬಿದ್ದಿದ್ದೀಯಲ್ಲ, ನಿನ್ನ ಅಭ್ಯಾಸವೆಲ್ಲ ಸುಳ್ಳು ಎಂದು ಬೈದುಕೊಂಡೆ. ಅದು ನಾನೇ ಸೇರಿಸಿದ ಮೂರನೆಯ ಬಾಣ. ಸುತ್ತದಲ್ಲಿ ಅದು ಇಲ್ಲ.

ಈಗ ನನಗೆ ತಿಳಿದಿರುವುದು ಇಷ್ಟು. ಆ ಸುತ್ತ ನಮ್ಮನ್ನು ಅಳೆಯುವ ಪರೀಕ್ಷೆಯಲ್ಲ. ಬಾಣ ಎಲ್ಲಿ ನಾಟಿದೆ ಎಂದು ತೋರಿಸುವ ಪಾಠ. ಬಾಣ ನಾಟಿದವನನ್ನು ನಾವು ಬೈಯುವುದಿಲ್ಲ, ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇವೆ.

ನನ್ನನ್ನು ಕರೆದುಕೊಂಡು ಹೋದದ್ದು ನಮ್ಮ ಶಾಲೆಯ ಬಿಸಿಯೂಟದ ಅಕ್ಕ. ಅವರು ನಮ್ಮ ಬಳಗದವರಲ್ಲ, ಧಮ್ಮದ ಬಗ್ಗೆ ಏನೂ ಓದಿದವರಲ್ಲ. ಒಂದು ದಿನ ತಟ್ಟೆ ತೆಗೆಯುತ್ತಾ, “ಮಿಸ್, ವಾರದಿಂದ ನೋಡ್ತಾ ಇದ್ದೀನಿ, ಅನ್ನ ಕಲಸಿ ಹಾಗೇ ಬಿಡ್ತೀರಿ. ನನ್ನ ತಂಗೀನೂ ಹಿಂಗೇ ಶುರು ಮಾಡಿದ್ಳು. ಡಾಕ್ಟ್ರಿಗೆ ತೋರ್ಸಿದ್ವಿ, ಸರಿ ಹೋದ್ಳು. ನಾಳೆ ನಾನೂ ಬರ್ತೀನಿ, ಹೋಗೋಣ” ಅಂದರು. ಅವರು ಕಾರಣ ಕೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಇಬ್ಬರೂ ಬಸ್ ಹತ್ತಿದೆವು.

*ಕಾಯಿಲೆಯನ್ನು ಕಾಯಿಲೆ ಎನ್ನುವುದು*

ವೈದ್ಯರು ಮೊದಲು ರಕ್ತ ಪರೀಕ್ಷೆಗೆ ಬರೆದರು. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ ಹೀಗೇ ಸುಸ್ತು, ಬೇಸರ ಬರಬಹುದು, ಅದನ್ನು ಮೊದಲು ನೋಡಬೇಕು ಎಂದರು. ಆಮೇಲೆ ಕೇಳಿದ ಪ್ರಶ್ನೆಗಳು ಇವು. ದಿನದ ಬಹುಪಾಲು ಹೊತ್ತು ಬೇಸರವೇ? ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಬೇಡವೆನಿಸುತ್ತದೆಯೇ? ನಿದ್ದೆ, ಹಸಿವು, ಗಮನ ಕೆಟ್ಟಿವೆಯೇ? ತನ್ನದೇ ತಪ್ಪು ಎಂಬ ಭಾವ ವಿಪರೀತವಾಗಿದೆಯೇ? ಸಾಯುವ ಯೋಚನೆ ಬರುತ್ತದೆಯೇ? ಇಂಥವು ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚು ಕಡಿಮೆ ಪ್ರತಿದಿನ ಇದ್ದರೆ ಖಿನ್ನತೆ ಇರಬಹುದು, ತೋರಿಸಿಕೊಳ್ಳಬೇಕು ಎಂದು ವಿವರಿಸಿದರು. ಕೊನೆಯ ಪ್ರಶ್ನೆಗೆ ನಾನು ಹೌದು ಎಂದೆ. ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು. ಅವರು ಗಾಬರಿಯಾಗಲಿಲ್ಲ, ಬೈಯಲಿಲ್ಲ, ಬರೆದುಕೊಂಡರು. ಮನೆಯವರಿಗೆ ಹೇಳಲೇಬೇಕು ಎಂದರು. ಅವತ್ತೇ ಹೇಳಿದೆ.

ಮಾತ್ರೆ ಕೊಟ್ಟರು. ಇದು ತಲೆನೋವಿನ ಮಾತ್ರೆಯ ಹಾಗಲ್ಲ, ಗುಣ ಕಾಣಲು ಕೆಲವು ವಾರ ಬೇಕು, ಚೆನ್ನಾಗಿದ್ದೇನೆ ಎಂದು ನೀವಾಗಿ ನಿಲ್ಲಿಸಬೇಡಿ ಎಂದರು. ಜೊತೆಗೆ ಆಪ್ತಸಮಾಲೋಚನೆಗೂ ಕಳಿಸಿದರು. ನಾನು ಹಲವು ತಿಂಗಳು ಮಾತ್ರೆ ತೆಗೆದುಕೊಂಡೆ, ಅವರು ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡಿದೆ. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ. ಎಲ್ಲರಿಗೂ ಮಾತ್ರೆಯೇ ಬೇಕೆಂದಿಲ್ಲ, ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ನೆಂಟರೊಬ್ಬರು ಇದು ಹಿಂದಿನ ಜನ್ಮದ ಕರ್ಮ ಎಂದರು. ಬಂಧುಗಳೇ, ಈ ಮಾತನ್ನು ನಾವು ಒಪ್ಪಬಾರದು. ಹಿಂದಿನ ಜನ್ಮದ ಕರ್ಮ ಎಂಬ ಮಾತಿನಿಂದಲೇ ನಮ್ಮ ಹಿರಿಯರನ್ನು ಊರಾಚೆ ಇಟ್ಟರು. ಬಾಬಾಸಾಹೇಬರು ತಮ್ಮ ಗ್ರಂಥದಲ್ಲಿ ಈ ವಾದವನ್ನು ಪ್ರಶ್ನಿಸಿ ತಿರಸ್ಕರಿಸಿದ್ದಾರೆ. ಪಾಲಿ ಸುತ್ತಗಳಲ್ಲೂ ಆಧಾರವಿದೆ. ಸೀವಕ ಎಂಬ ಪರಿವ್ರಾಜಕ, ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು ಕೇಳಿದಾಗ ಬುದ್ಧರು ಪಟ್ಟಿ ಕೊಡುತ್ತಾರೆ. ಪಿತ್ತದಿಂದ, ಕಫದಿಂದ, ವಾತದಿಂದ, ಮೂರೂ ಕೂಡಿದ್ದರಿಂದ, ಋತು ಬದಲಾದದ್ದರಿಂದ, ದೇಹವನ್ನು ಅಡ್ಡಾದಿಡ್ಡಿ ದುಡಿಸಿದ್ದರಿಂದ, ಹೊರಗಿನ ಪೆಟ್ಟಿನಿಂದ ನೋವು ಬರುತ್ತದೆ. ಕರ್ಮ ಆ ಪಟ್ಟಿಯ ಎಂಟರಲ್ಲಿ ಒಂದು ಮಾತ್ರ. ಎಲ್ಲದಕ್ಕೂ ಅದೊಂದೇ ಕಾರಣ ಎನ್ನುವವರು ಕಣ್ಣಿಗೆ ಕಾಣುವ ಸತ್ಯವನ್ನೇ ಮೀರಿ ಮಾತಾಡುತ್ತಾರೆ ಎಂಬುದು ಅವರ ಉತ್ತರದ ಸಾರ. ಬುದ್ಧರು ಸ್ವತಃ ಜೀವಕ ವೈದ್ಯನಿಂದ ಔಷಧ ತೆಗೆದುಕೊಂಡವರು. ನಾವು ಯಾಕೆ ಹಿಂಜರಿಯಬೇಕು?

*ಮೂರು ಎಳೆ*

ಆಪ್ತಸಮಾಲೋಚಕಿ ಎರಡನೆಯ ಭೇಟಿಯಲ್ಲಿ ಒಂದು ಮಾತು ಹೇಳಿದರು. “ಟೀಚರ್, ನೀವು ಮೂರು ವಿಷಯಾನ ಒಂದೇ ಗಂಟು ಮಾಡಿದ್ದೀರಿ. ನೀವು ಮಾಡಿದ್ದು, ನಿಮಗೆ ಆಗಿರೋದು, ಅವರು ಮುಂದೆ ಮಾಡೋದು. ಅವರು ಕ್ಷಮಿಸಿದ್ರೆ ಮಾತ್ರ ನಾನು ಹುಷಾರಾಗ್ತೀನಿ ಅಂತ ಕೂತಿದ್ದೀರಿ.” ಅದು ನಿಜವಾಗಿತ್ತು. ನನ್ನ ಆರೋಗ್ಯದ ಭಾರವನ್ನೂ ಅವಳ ತಲೆಯ ಮೇಲೆ ಹೊರಿಸಲು ಹೊರಟಿದ್ದೆ. ಗಾಯ ಮಾಡಿದವಳು ನಾನು, ಮದ್ದನ್ನೂ ಅವಳೇ ಕೊಡಬೇಕು ಎಂದರೆ ಹೇಗೆ?

ಅವತ್ತಿನಿಂದ ಎಳೆಗಳನ್ನು ಬಿಡಿಸುತ್ತಾ ಬಂದೆ. ನನಗೆ ಆಗಿದ್ದು ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ. ಉಳಿದವು ಎರಡು.

*ನಾನು ಮಾಡಿದ್ದು*

ಇನ್ನೊಬ್ಬರ ತಪ್ಪನ್ನು ಎತ್ತಿ ಹೇಳುವವರು ಮೊದಲು ಐದು ವಿಷಯ ನೋಡಿಕೊಳ್ಳಬೇಕು ಎಂದು ಅಂಗುತ್ತರ ನಿಕಾಯದಲ್ಲಿದೆ. ಸರಿಯಾದ ಸಮಯದಲ್ಲಿ ಹೇಳಬೇಕು, ನಿಜವನ್ನೇ ಹೇಳಬೇಕು, ಮೃದುವಾಗಿ ಹೇಳಬೇಕು, ಅವರ ಹಿತಕ್ಕಾಗಿ ಹೇಳಬೇಕು, ಮೈತ್ರಿಯ ಮನಸ್ಸಿನಿಂದ ಹೇಳಬೇಕು. ಆ ಭಾನುವಾರದ ನನ್ನ ಮಾತಿಗೆ ನಾನೇ ಅಂಕ ಹಾಕಿದೆ. ನಿಜ ಎಂಬುದಕ್ಕೆ ಒಂದು ಅಂಕ ಬಂತು. ಉಳಿದ ನಾಲ್ಕಕ್ಕೂ ಸೊನ್ನೆ.

ಸಿಗಾಲೋವಾದ ಸುತ್ತದಲ್ಲಿ ಒಳ್ಳೆಯ ಗೆಳೆಯರ ಲಕ್ಷಣಗಳಿವೆ. ಸುಖದಲ್ಲೂ ದುಃಖದಲ್ಲೂ ಒಂದೇ ರೀತಿ ಇರುವ ಗೆಳೆಯ ತನ್ನ ಗುಟ್ಟನ್ನು ನಮಗೆ ಹೇಳುತ್ತಾನೆ, ನಮ್ಮ ಗುಟ್ಟನ್ನು ಕಾಪಾಡುತ್ತಾನೆ. ಅವಳು ಮೊದಲನೆಯದನ್ನು ಮಾಡಿದ್ದಳು. ನಾನು ಎರಡನೆಯದನ್ನು ಮಾಡಲಿಲ್ಲ. ಇನ್ನೊಂದು ವಿಷಯ. 22 ಪ್ರತಿಜ್ಞೆಗಳಲ್ಲಿ ಎಂಟನೆಯದು ಇದ್ದ ಹಾಗೆಯೇ ಹದಿಮೂರನೆಯದೂ ಇದೆ, ಎಲ್ಲ ಜೀವಿಗಳ ಮೇಲೆ ಕರುಣೆ ತೋರುವ ಪ್ರತಿಜ್ಞೆ. ಅವಳು ಎಂಟನೆಯದನ್ನು ಮಗಳ ಕಣ್ಣೀರಿಗೆ ಸೋತು ಮುರಿದಳು. ನಾನು ಹದಿಮೂರನೆಯದನ್ನು ನಾಲ್ಕು ಜನರ ಮೆಚ್ಚುಗೆಗಾಗಿ ಮುರಿದೆ. ಎಂಟನೆಯದು ಸಡಿಲವಾಗಬೇಕು ಎಂದು ನಾನು ಹೇಳುತ್ತಿಲ್ಲ. ಅದರ ಹಿಂದೆ ಎಷ್ಟು ತಲೆಮಾರಿನ ಅವಮಾನವಿದೆ ಎಂಬುದು ನನಗೆ ಗೊತ್ತು. ಆದರೆ ಪ್ರತಿಜ್ಞೆಗಳು ನಮ್ಮನ್ನು ಎತ್ತಿ ನಿಲ್ಲಿಸಲು ಬಂದವು. ಎಡವಿದವರಿಗೆ ಹೊಡೆಯುವ ಕೋಲಾಗಿ ಅವನ್ನು ಬಳಸಿದರೆ ಜನ ಧಮ್ಮಕ್ಕೆ ಹತ್ತಿರ ಬರುವುದಿಲ್ಲ, ಅವಳ ಹಾಗೆ ಕೊಡೆ ತೆಗೆದುಕೊಂಡು ಹೊರಟು ಹೋಗುತ್ತಾರೆ.

ಆಗ ವರ್ಷಾವಾಸ ಮುಗಿಯುತ್ತಾ ಬಂದಿತ್ತು. ಮಳೆಗಾಲದ ವಾಸ ಮುಗಿದಾಗ ಭಿಕ್ಷು ಸಂಘ ಪವಾರಣೆ ಮಾಡುತ್ತದೆ. ಒಬ್ಬೊಬ್ಬ ಭಿಕ್ಷುವೂ ಸಂಘದ ಮುಂದೆ ಕೈಮುಗಿದು, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಶಂಕೆ ಬಂದಿದ್ದರೆ ದಯವಿಟ್ಟು ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಕೇಳಿಕೊಳ್ಳುವ ವಿಧಿ ಅದು. ಇನ್ನೊಬ್ಬರ ತಪ್ಪನ್ನು ಎತ್ತುವ ಬದಲು ನನ್ನದನ್ನು ಎತ್ತಿ ಎಂದು ಆಹ್ವಾನ ಕೊಡುವುದು. ಎಷ್ಟೋ ವರ್ಷ ಇದನ್ನು ಓದಿದ್ದೆ, ಮಾಡಿರಲಿಲ್ಲ.

ತಪ್ಪು ಮಾಡಿದ್ದು ಎಲ್ಲರ ಮುಂದೆ, ಆದ್ದರಿಂದ ಒಪ್ಪಿಕೊಳ್ಳುವುದೂ ಎಲ್ಲರ ಮುಂದೆಯೇ ಆಗಬೇಕಿತ್ತು. ಭಾನುವಾರದ ಸಭೆಯಲ್ಲಿ ಎದ್ದು ನಿಂತು, ಆ ದಿನ ನಾನು ಆಡಿದ ಮಾತು ಕ್ರೂರವಾಗಿತ್ತು, ನಂಬಿಕೆಯಿಂದ ಹೇಳಿದ್ದನ್ನು ಹೊರಗೆ ಹಾಕಿದೆ ಎಂದು ಹೇಳಿದೆ. ಆವತ್ತು ನಕ್ಕಿದ್ದವರು ತಲೆ ತಗ್ಗಿಸಿದರು. ಆಮೇಲೆ ಅವಳ ಮನೆಗೆ ಹೋದೆ.

*ಅವಳ ತೀರ್ಮಾನ ಅವಳದು*

ಅವಳು ಬಾಗಿಲು ತೆಗೆದಳು. ಕಾಫಿಯನ್ನೂ ಕೊಟ್ಟಳು. ‘ಆದರೆ’ ಎಂಬ ಪದವನ್ನು ಒಂದು ಸಲವೂ ಬಳಸಬಾರದು ಎಂದು ಬಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ತಪ್ಪು ಮಾಡಿದೆ, ನಿನ್ನ ಗುಟ್ಟು ಕಾಪಾಡಲಿಲ್ಲ, ಆಮೇಲೆ ವಾದವನ್ನೂ ಮಾಡಿದೆ, ಕ್ಷಮಿಸು ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ನೀನು ಹೇಳಿದ್ದು ಸುಳ್ಳಲ್ಲ. ನಾನು ನಿನ್ನ ಅಡುಗೆಮನೇಲಿ ಅತ್ತಿದ್ದನ್ನ ನೀನು ಅಲ್ಲಿ ನಗೋಕೆ ಬಳಸಿದೆ. ಅದನ್ನ ಮರೆಯೋಕೆ ಆಗ್ತಿಲ್ಲ ಕಣೇ. ಸಿಟ್ಟಿಲ್ಲ, ಆದ್ರೆ ಮೊದಲಿನ ಥರ ಇರೋಕೆ ನನ್ನಿಂದ ಆಗಲ್ಲ” ಅಂದಳು.

ಸರಿ ಎಂದು ಲೋಟ ತೊಳೆದಿಟ್ಟು ಬಂದೆ. ದಾರಿಯಲ್ಲಿ ಅಳು ಬಂತು. ಆದರೆ ಆಗಸ್ಟಿನ ಅಳುವಿಗೂ ಈ ಅಳುವಿಗೂ ವ್ಯತ್ಯಾಸವಿತ್ತು. ಅತ್ತು ಮುಗಿದ ಮೇಲೆ ಹಸಿವಾಯಿತು.

ಕೋಸಂಬಿಯ ಕಥೆ ನನಗೆ ಆಗ ಆಸರೆಯಾಯಿತು. ಕೋಸಂಬಿಯಲ್ಲಿ ಇಬ್ಬರು ವಿದ್ವಾಂಸ ಭಿಕ್ಷುಗಳ ನಡುವೆ ಜಗಳ ಹುಟ್ಟಿತು. ಅಟ್ಠಕಥೆ ಹೇಳುವಂತೆ ಅದರ ಮೂಲ ಪಾಯಿಖಾನೆಯ ಪಾತ್ರೆಯಲ್ಲಿ ಉಳಿದ ನೀರು. ಅದು ತಪ್ಪೋ ಅಲ್ಲವೋ ಎಂಬ ವಾದದಲ್ಲಿ ಸಂಘವೇ ಎರಡಾಯಿತು. ಬುದ್ಧರು ಬಂದು ಬುದ್ಧಿ ಹೇಳಿದರು. ಮತ್ತೆ ಹೇಳಿದರು. ನೀವು ನಿಶ್ಚಿಂತೆಯಾಗಿರಿ, ಜಗಳವನ್ನು ನಾವು ನೋಡಿಕೊಳ್ಳುತ್ತೇವೆ ಎಂಬರ್ಥದ ಉತ್ತರ ಬಂತು. ಬುದ್ಧರು ಪಾತ್ರೆ ಚೀವರ ತೆಗೆದುಕೊಂಡು ಒಬ್ಬರೇ ಹೊರಟರು. ಪಾರಿಲೇಯ್ಯಕ ವನದಲ್ಲಿ ಇದ್ದರು. ಅಲ್ಲಿ ಹಿಂಡಿನ ಕಾಟಕ್ಕೆ ಬೇಸತ್ತು ಬಂದ ಒಂದು ಆನೆ ಅವರ ಜೊತೆಗಿತ್ತು. ಆನೆಯ ಊರಿನಲ್ಲಿರುವ ನಮಗೆ ಈ ಚಿತ್ರ ಬೇಗ ಮನಸ್ಸಿಗೆ ಹತ್ತುತ್ತದೆ.

ಬುದ್ಧರ ಮಾತಿಗೂ ಒಮ್ಮೆ ಸಂಬಂಧಗಳು ಕೂಡಲಿಲ್ಲ. ಅವರು ಶಪಿಸಲಿಲ್ಲ, ಬೆನ್ನು ಹತ್ತಲಿಲ್ಲ. ಮಾಡಬೇಕಾದದ್ದನ್ನು ಮಾಡಿ, ಉಳಿದದ್ದನ್ನು ಅವರಿಗೇ ಬಿಟ್ಟರು. ಮುಂದೆ ಊರಿನ ಉಪಾಸಕರು ಜಗಳಗಂಟ ಭಿಕ್ಷುಗಳಿಗೆ ಭಿಕ್ಷೆ ನಿಲ್ಲಿಸಿದರು. ತಪ್ಪು ಮಾಡಿದ ಭಿಕ್ಷು ತಾನೇ ಯೋಚಿಸಿ, ಹೌದು, ತಪ್ಪು ನನ್ನದೇ ಎಂದು ಒಪ್ಪಿಕೊಂಡ. ಸಂಘ ಕೂಡಿತು. ಅದು ಕೂಡಿದ್ದು ಅದರ ಸಮಯಕ್ಕೆ. ಉಪೇಕ್ಖೆ ಎಂದರೆ ಇದೇ ಎಂದು ಈಗ ಅನ್ನಿಸುತ್ತದೆ. ನನಗೇನೂ ಅನ್ನಿಸುವುದಿಲ್ಲ ಎಂದು ಕಲ್ಲಾಗುವುದು ಉಪೇಕ್ಖೆಯಲ್ಲ. ಅವಳ ಮನಸ್ಸು ಅವಳದು ಎಂದು ಒಪ್ಪುವುದು.

*ಗೆಳೆತನ ಒಬ್ಬರ ಹೆಸರಲ್ಲ*

ಕೋಸಂಬಿಯಿಂದ ಹೊರಟ ಬುದ್ಧರು ದಾರಿಯಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳನ್ನು ಕಂಡರು. ಹೇಗೆ ಜಗಳವಿಲ್ಲದೆ ಇದ್ದೀರಿ ಎಂದು ಕೇಳಿದರು. ಅವರು ಕೊಟ್ಟ ಉತ್ತರ ದೊಡ್ಡ ತತ್ವವಲ್ಲ. ಭಿಕ್ಷೆಯಿಂದ ಮೊದಲು ಬಂದವರು ಆಸನ ಹಾಕುತ್ತೇವೆ, ಕಾಲು ತೊಳೆಯುವ ನೀರಿಡುತ್ತೇವೆ. ಕೊನೆಗೆ ಬಂದವರು ಗುಡಿಸುತ್ತೇವೆ. ನೀರಿನ ಪಾತ್ರೆ ಖಾಲಿ ಕಂಡವರು ತುಂಬಿಸುತ್ತೇವೆ, ಭಾರವಾದರೆ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆಯುತ್ತೇವೆ. ನೋಡಿ, ಕೋಸಂಬಿಯಲ್ಲಿ ಸಂಘ ಒಡೆದದ್ದು ಪಾತ್ರೆಯಲ್ಲಿ ಉಳಿದ ನೀರಿಗೆ. ಇಲ್ಲಿ ಮೂವರು ಒಂದಾಗಿದ್ದದ್ದು ಖಾಲಿ ಪಾತ್ರೆ ತುಂಬಿಸುವುದರಲ್ಲಿ.

ಒಳ್ಳೆಯ ಗೆಳೆತನ ಈ ದಾರಿಯ ಅರ್ಧ ಭಾಗ ಎಂದು ಆನಂದರು ಹೇಳಿದಾಗ, ಅರ್ಧವಲ್ಲ, ಅದೇ ಪೂರ್ತಿ ಎಂದು ಬುದ್ಧರು ತಿದ್ದಿದರು. ಆ ಮಾತನ್ನು ನಾನು ಒಬ್ಬಳೇ ಗೆಳತಿಗೆ ಕಟ್ಟಿಹಾಕಿದ್ದೆ. ಅವಳು ಹೋದರೆ ದಾರಿಯೇ ಹೋಯಿತು ಎಂದುಕೊಂಡೆ. ಆದರೆ ಅನ್ನ ಬಿಟ್ಟದ್ದನ್ನು ಗಮನಿಸಿದ ಬಿಸಿಯೂಟದ ಅಕ್ಕ ನನ್ನ ಖಾಲಿ ಪಾತ್ರೆಯನ್ನು ಕಂಡವರು. ಪ್ರತಿ ಸಂಜೆ ಬಂದು “ಏಳಿ ಟೀಚರ್, ಗೇಟಿನವರೆಗೆ ನಡೆದು ಬರೋಣ” ಎನ್ನುತ್ತಿದ್ದ ಬಳಗದ ಆಶಾ ಕಾರ್ಯಕರ್ತೆಯೂ ಹಾಗೆಯೇ. ಕಲ್ಯಾಣಮಿತ್ರರು ಎಷ್ಟೋ ಸಲ ನಮ್ಮ ಪಟ್ಟಿಯಲ್ಲಿ ಇಲ್ಲದವರೇ ಆಗಿರುತ್ತಾರೆ.

ನೋವನ್ನು ಹೇಳಿಕೊಳ್ಳುವುದು ದುರ್ಬಲತೆ ಎಂದು ಯಾರಾದರೂ ಅಂದರೆ ಬಾಬಾಸಾಹೇಬರನ್ನು ನೆನೆಯಿರಿ. ಅವರೂ ರಮಾತಾಯಿಯೂ ನಾಲ್ಕು ಮಕ್ಕಳನ್ನು ಕಳೆದುಕೊಂಡವರು. 1926ರಲ್ಲಿ ಕಿರಿಯ ಮಗ ರಾಜರತ್ನ ತೀರಿಕೊಂಡಾಗ, ತಾವು ಎಷ್ಟು ಕುಸಿದಿದ್ದೇವೆ ಎಂಬುದನ್ನು ಗೆಳೆಯ ದತ್ತೋಬಾ ಪವಾರ್ ಅವರಿಗೆ ಪತ್ರದಲ್ಲಿ ಮುಚ್ಚಿಡದೆ ಬರೆದರು. ಮರುವರ್ಷ, 1927ರ ಮಾರ್ಚ್ 20ರಂದು, ಅದೇ ಮನುಷ್ಯ ಮಹಾಡದ ಚವದಾರ್ ಕೆರೆಗೆ ಇಳಿದರು. ಅತ್ತವರು ಹೋರಾಡಲಾರರು ಎಂಬುದು ಸುಳ್ಳು.

*ಈ ವಾರದ ಅಭ್ಯಾಸ*

1. ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಏಳದಿದ್ದರೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ್ದು. ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ವಿಚಾರಿಸಿ.

2. ಸಾಯುವ ಯೋಚನೆ ಬಂದರೆ ಗುಟ್ಟಾಗಿ ಇಟ್ಟುಕೊಳ್ಳಬೇಡಿ, ಅವತ್ತೇ ಒಬ್ಬರಿಗೆ ಹೇಳಿ. ನಿಮಗೆ ಯಾರಾದರೂ ಹಾಗೆ ಹೇಳಿದರೆ ಬುದ್ಧಿ ಹೇಳಬೇಡಿ, ಅವರನ್ನು ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಗುಟ್ಟು ಕಾಪಾಡುವ ಧರ್ಮ ಈ ಒಂದು ವಿಷಯಕ್ಕೆ ಅನ್ವಯವಾಗುವುದಿಲ್ಲ.

3. ಮೆತ್ತಾ ಭಾವನೆಯನ್ನು ಮುರಿದ ಗೆಳೆತನದಿಂದ ಶುರು ಮಾಡಬೇಡಿ. ಬುದ್ಧಘೋಷರ ವಿಸುದ್ಧಿಮಗ್ಗವೂ ಮೊದಲು ತನ್ನಿಂದ, ಆಮೇಲೆ ಗೌರವದವರು, ಪ್ರೀತಿಯವರು, ನಡುವಿನವರು, ಕೊನೆಗೆ ವಿರೋಧವಿರುವವರು ಎಂಬ ಕ್ರಮ ಹೇಳುತ್ತದೆ. ಕಣ್ಣು ಮುಚ್ಚಿ ಕೂತರೆ ಯೋಚನೆಯ ಸುಳಿ ಹೆಚ್ಚಾಗುವುದಾದರೆ ಕೂರಬೇಡಿ, ನಡೆಯಿರಿ. ಚಂಕಮಣವೂ ಧ್ಯಾನವೇ.

4. ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ನಾನು ಮಾಡಿದ್ದು, ನನಗೆ ಆಗಿರುವುದು, ಅವರು ತೀರ್ಮಾನಿಸಬೇಕಾದದ್ದು. ಮೊದಲನೆಯದಕ್ಕೆ ಕ್ಷಮೆ ಕೇಳಿ, ಎರಡನೆಯದಕ್ಕೆ ಸಹಾಯ ಕೇಳಿ, ಮೂರನೆಯದನ್ನು ಬಿಡಿ. ತಪ್ಪು ನಿಮ್ಮದಲ್ಲದಿದ್ದರೆ ಮೊದಲ ಸಾಲು ಖಾಲಿ ಇರಲಿ, ಸುಮ್ಮನೆ ತುಂಬಿಸಬೇಡಿ.

5. ಈ ವಾರ ಯಾರ ತಟ್ಟೆಯಲ್ಲಿ ಅನ್ನ ಉಳಿಯುತ್ತಿದೆ, ಯಾರು ಗ್ರೂಪಿನಲ್ಲಿ ಸುಮ್ಮನಾಗಿದ್ದಾರೆ ನೋಡಿ. ಅವರಿಗೆ ಫಾರ್ವರ್ಡ್ ಕಳಿಸಬೇಡಿ, ಇದನ್ನೂ ಕಳಿಸಬೇಡಿ. ಫೋನ್ ಮಾಡಿ, ಇಲ್ಲವೇ ಮನೆಗೆ ಹೋಗಿ.

ಕೊನೆಯ ಮಾತು. ಅವಳೂ ನಾನೂ ಈಗ ಸಂತೆಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತೇವೆ. ಮಗಳು, ಮೊಮ್ಮಗು, ಮಳೆ, ಅಂಗನವಾಡಿ. ಅಡುಗೆಮನೆಗೆ ಅವಳು ಇನ್ನೂ ಬಂದಿಲ್ಲ. ಬರಬಹುದು, ಬರದೇ ಇರಬಹುದು. ಈ ಬರಹವನ್ನು ಇಲ್ಲಿ ಹಾಕುವ ಮೊದಲು ಅವಳ ಮನೆಗೆ ಹೋಗಿ ಓದಿ ತೋರಿಸಿದೆ. ಎರಡನೇ ಸಲ ಕೇಳದೆ ಹೇಳುವ ತಪ್ಪು ಮಾಡಬಾರದಲ್ಲ. ಒಂದು ಸಾಲು ತೆಗೆ ಅಂದಳು, ತೆಗೆದೆ. “ಹೆಸರು ಬೇಡ, ಉಳಿದದ್ದು ಹಾಕು. ಯಾರಿಗಾದ್ರೂ ಉಪಯೋಗ ಆಗ್ಲಿ” ಅಂದಳು.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈಭೀಮ್. 🙏